ಪ್ರಮಾಣಪತ್ರವೂ ಪಳಗಿದ ಕೈಯೂ

ಪುಣೆಯ ಯಾವ ಆಸ್ಪತ್ರೆಯ ಸೋನೋಗ್ರಫಿ ಕೋಣೆಗೆ ಹೋದರೂ ಬಾಗಿಲ ಬಳಿಯಲ್ಲಿಯೋ ಮಂಚದ ಎದುರಿನ ಗೋಡೆಯಲ್ಲಿಯೋ ಒಂದು ಫಲಕವು ತೂಗುತ್ತಿರುವುದನ್ನು ಕಾಣಬಹುದು. ಇಲ್ಲಿ ಗರ್ಭಸ್ಥ ಶಿಶುವಿನ ಲಿಂಗವನ್ನು ಪತ್ತೆಮಾಡುವುದಿಲ್ಲ, ಹಾಗೆ ಮಾಡುವುದು ದಂಡನಾರ್ಹವಾದ ಅಪರಾಧ ಎಂದು ಅದರಲ್ಲಿ ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿರುತ್ತದೆ. ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದ ಮಧ್ಯಾಹ್ನ, ವಿಜಯಪುರದ ಕಡೆಯಿಂದ ಮಗನ ಮನೆಗೆಂದು ಬಂದಿದ್ದ ನಿವೃತ್ತ ಮಾಸ್ತರರೊಬ್ಬರು ಅಂಥದೊಂದು ಫಲಕದ ಕೆಳಗೆ ಅಂಗಿ ಕಳಚಿ, ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಕೈಯಿಟ್ಟುಕೊಂಡವರ ಭಂಗಿಯಲ್ಲಿ ಬಲಗೈಯನ್ನು ಹಿಂದಕ್ಕೆ ತಿರುಗಿಸಿಕೊಂಡು ನನ್ನೆದುರಿಗೆ ಕುಳಿತಿದ್ದರು. ಮೂರು ತಿಂಗಳಿಂದ ಭುಜದ ನೋವು. ರಾತ್ರಿ ಆ ಮಗ್ಗುಲಿಗೆ ಮಲಗುವಂತಿಲ್ಲ, ಹಗಲು ಮೇಲಿನ ಹಲಗೆಯ ಪುಸ್ತಕವನ್ನು ಕೈಯೆತ್ತಿ ತೆಗೆಯುವಂತಿಲ್ಲ. “ಡಾಕ್ಟರ, ಇದು ಬಸುರಿ ಹೆಣ್ಣುಮಕ್ಕಳಿಗೆ ಮಾಡೂ ಸ್ಕ್ಯಾನಿಂಗ್ ಅಲ್ಲೇನ್ರಿ? ನನ್ನ ತೋಳಿನಾಗ ಏನು ನೋಡ್ತೀರಿ?” ಎಂದು ಅವರು ಗೋಡೆಯ ಕಡೆಗೆ ಕಣ್ಣು ಹಾಯಿಸಿ ಕೇಳಿದರು. ಕರ್ನಾಟಕದಲ್ಲಿ ಸ್ಕ್ಯಾನಿಂಗ್ ಎಂದರೂ ಪುಣೆಯಲ್ಲಿ ಸೋನೋಗ್ರಫಿ ಎಂದರೂ ಜನರ ಮನಸ್ಸಿಗೆ ಮೊದಲು ಬರುವುದು ಗರ್ಭವೇ ಆದ್ದರಿಂದ ಅವರ ಸಂಶಯದಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇರಲಿಲ್ಲ.

ಆ ಹೊತ್ತಿಗೆ ನಾನು ಈ ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವೈದ್ಯವೃತ್ತಿಯನ್ನು ನಡೆಸಿದ್ದವನು. ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆಯು ವಿಧಿಸಿರುವ ಆರು ತಿಂಗಳ ಸೋನೋಗ್ರಫಿ ಶಿಕ್ಷಣವನ್ನು ಮುಗಿಸಿ ಅದರ ಪ್ರಮಾಣಪತ್ರವನ್ನೂ ಪಡೆದಿದ್ದವನು. ಭುಜಕ್ಕೆ ಜೆಲ್ ಹಚ್ಚಿ ಪ್ರೋಬನ್ನು ಇಟ್ಟೊಡನೆ ತೋಳಿನ ಮೂಳೆಯ ತಲೆಯು ಬಿಳಿಯ ಕಮಾನಿನಂತೆಯೂ, ಅದರ ಮೇಲೆ ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ರಜ್ಜುವು ಗಿಳಿಯ ಕೊಕ್ಕಿನಂತೆಯೂ ಪರದೆಯ ಮೇಲೆ ಮೂಡಿದುವು. ಕೊಕ್ಕಿನ ತುದಿಯಲ್ಲಿ, ರಜ್ಜುವು ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ, ಕಡಲೆಕಾಳಿನಷ್ಟು ಕಪ್ಪು ಕಾಣಿಸಿತು. ರಜ್ಜು ಹರಿದಿದೆಯೆಂದು ನಾನು ನಿಶ್ಚಯವಾಗಿ ಹೇಳಿಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ನನ್ನ ಗುರುಗಳು, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಕಿರಿಯರಾದ ರೇಡಿಯಾಲಜಿಸ್ಟ್ ಹೆಣ್ಣುಮಗಳು, ಏನನ್ನೂ ಹೇಳದೆ ನನ್ನ ಮಣಿಕಟ್ಟನ್ನು ಹಿಡಿದು ಪ್ರೋಬಿನ ಬಾಲವನ್ನು ಅತಿ ಸ್ವಲ್ಪ ಬಗ್ಗಿಸಿದರು. ಕಪ್ಪು ಮಾಯವಾಯಿತು, ಆ ಜಾಗದಲ್ಲೆಲ್ಲ ಬಾಚಿದ ಕೂದಲಿನಂತೆ ಒತ್ತಾದ ಬಿಳಿಯ ಎಳೆಗಳು ಅಖಂಡವಾಗಿ ಹೊಳೆಯುತ್ತಿದ್ದುವು.

ಇಳಕಲ್ಲ ಸೀರೆಯ ರೇಷ್ಮೆಯ ಸೆರಗನ್ನು ಬೆಳಕಿಗೆ ಎದುರಾಗಿ ಹಿಡಿದರೆ ಹೊಳೆಯುವುದು, ಓರೆಮಾಡಿದರೆ ಮಂಕಾಗುವುದು. ಸೆರಗು ಅದೇ, ಬೆಳಕು ಅದೇ, ಕೋನ ಮಾತ್ರ ಬೇರೆ. ಸ್ನಾಯುರಜ್ಜುವಿನ ಎಳೆಗಳೂ ಹಾಗೆಯೇ. ಮನುಷ್ಯನ ಕಿವಿಗೆ ಕೇಳಿಸುವ ಧ್ವನಿಯು ಸೆಕೆಂಡಿಗೆ 20,000 ಕಂಪನಗಳನ್ನು ಮೀರದು. ಕೀಲುಗಳನ್ನು ನೋಡಲು ಬಳಸುವ ಶ್ರವಣಾತೀತ ಧ್ವನಿಯಾದರೋ ಸೆಕೆಂಡಿಗೆ ಸಾಮಾನ್ಯವಾಗಿ 1 ಕೋಟಿಯ ಆಸುಪಾಸಿನಲ್ಲಿ, ಅದಕ್ಕೂ ಮೇಲೆ ಕಂಪಿಸತಕ್ಕದ್ದು. ಆ ಧ್ವನಿಯು ಎಳೆಗಳ ಮೇಲೆ ನೇರವಾಗಿ ಬಿದ್ದಾಗ ಪ್ರತಿಧ್ವನಿಯು ಪ್ರೋಬಿಗೆ ಹಿಂದಿರುಗಿ ಬಂದು ಬೆಳ್ಳಗೆ ಕಾಣುತ್ತದೆ. ಕೆಲವೇ ಡಿಗ್ರಿ ಓರೆಯಾದರೂ ಪ್ರತಿಧ್ವನಿಯು ಬೇರೆ ದಿಕ್ಕಿಗೆ ಚೆದರಿಹೋಗಿ, ಆರೋಗ್ಯವಾಗಿರುವ ರಜ್ಜುವೇ ಹರಿದಂತೆ ಕರ್ರಗೆ ಕಾಣುತ್ತದೆ. ಪುಸ್ತಕದಲ್ಲಿ ಇದನ್ನು ನಾನು ಓದಿರಲಿಲ್ಲವೆಂದಲ್ಲ, ಓದಿದ್ದೆ. ನನ್ನ ಮಣಿಕಟ್ಟು ಮಾತ್ರ ಅದನ್ನು ಓದಿರಲಿಲ್ಲ. ಆ ದಿನ ಕೋಣೆಯಲ್ಲಿ ನಾನೊಬ್ಬನೇ ಇದ್ದಿದ್ದರೆ ನನ್ನ ವರದಿಯನ್ನು ಹಿಡಿದುಕೊಂಡು ಆ ಮಾಸ್ತರರು ಎಂ.ಆರ್.ಐ.ಗೆ ಹೋಗುತ್ತಿದ್ದರು, ಅಲ್ಲಿಂದ ಶಸ್ತ್ರಚಿಕಿತ್ಸೆಯ ಮಾತಿನವರೆಗೂ ಹೋಗುತ್ತಿದ್ದರೋ ಏನೋ. ಗುರುಗಳು ಪ್ರೋಬನ್ನು ಅಲ್ಲಿಯೇ ಹಿಡಿದು, “ಈಗ ಕೈಯನ್ನು ನಿಧಾನವಾಗಿ ಮೇಲಕ್ಕೆ ಎತ್ತಿ” ಎಂದು ಹೇಳಿಸಿ, ರಜ್ಜುವಿನ ಮೇಲಿರುವ ದ್ರವದ ಚೀಲವು ಊದಿಕೊಂಡು ಭುಜಾಗ್ರದ ಮೂಳೆಯ ಅಂಚಿಗೆ ಸಿಕ್ಕಿ ಮುದ್ದೆಯಾಗುತ್ತಿದ್ದುದನ್ನೂ, ಅದೇ ಕ್ಷಣಕ್ಕೆ ಅವರು ನೋವಿನಿಂದ ಮುಖ ಕಿವುಚುತ್ತಿದ್ದುದನ್ನೂ ನನಗೆ ತೋರಿಸಿಕೊಟ್ಟರು. ನೋವೂ ಅದರ ಕಾರಣವೂ ಒಟ್ಟೊಟ್ಟಿಗೆ ಕಣ್ಣೆದುರಿಗೆ ಬರುವ ಇಂಥ ಪರೀಕ್ಷೆಯನ್ನು ನಿಶ್ಚಲವಾಗಿ ಮಲಗಿಸಿ ತೆಗೆಯುವ ಎಂ.ಆರ್.ಐ. ಕೊಡಲಾರದು.

ಮೂಳೆ ಕೀಲುಗಳ ಸೋನೋಗ್ರಫಿಯನ್ನು ಕಲಿತು ಅದರಲ್ಲಿ ಪ್ರಮಾಣಪತ್ರವನ್ನು ಸಂಪಾದಿಸುವುದು ರೇಡಿಯಾಲಜಿಸ್ಟರಲ್ಲದ ವೈದ್ಯರಿಗೆ ಉಚಿತವೇ, ಅವಶ್ಯವೇ ಎಂಬ ಪ್ರಶ್ನೆಯು ಇಂದು ಈ ಊರಿನ ಮೂಳೆ ತಜ್ಞರು, ಸಂಧಿವಾತ ತಜ್ಞರು, ಕ್ರೀಡಾವೈದ್ಯರು, ಪುನರ್ವಸತಿ ವೈದ್ಯರು ಇವರೆಲ್ಲರ ಮುಂದೆ ಇದೆ. ಕೀಲುನೋವಿನ ರೋಗಿಗಳನ್ನು ದಿನವೂ ನೋಡತಕ್ಕವರು ಅದನ್ನು ಅವಶ್ಯವಾಗಿ ಅರಸಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಅವರು ಅರಸುವ ಪತ್ರವು ಕೈಗೆ ಕೊಟ್ಟ ಪರೀಕ್ಷೆಯ ಪತ್ರವಾಗಿರಬೇಕು, ನೆನಪಿಗೆ ಕೊಟ್ಟ ಪರೀಕ್ಷೆಯ ಪತ್ರವಾಗಿರಬಾರದು ಎಂಬುದೂ ಅದರೊಡನೆಯೇ ಸೇರಿದ ಅಭಿಪ್ರಾಯ. ತಿಂಗಳಿಗೆ ಎರಡೋ ಮೂರೋ ಭುಜಗಳನ್ನು ನೋಡುವ ಸಾಮಾನ್ಯ ವೈದ್ಯರು ಈ ಹಾದಿಗೆ ಬರಬೇಕಾದುದಿಲ್ಲ. ಸಾಧನೆಯಿಲ್ಲದ ಕೈಯಲ್ಲಿ ಈ ವಿದ್ಯೆ ನಿಲ್ಲುವುದಿಲ್ಲ.

ಇದರ ಪ್ರಯೋಜನವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಮೊಣಕಾಲ ಹಿಂದೆ ಬಾವು ಬಂದಾಗ ಅದು ಕೀಲಿನ ದ್ರವದ ಗಂಟೋ ಅಥವಾ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವೋ ಎಂಬುದನ್ನು ಧ್ವನಿಯಿಂದಲೇ ಬೇರ್ಪಡಿಸಬಹುದೆಂದು ಅಮೆರಿಕದ ಮ್ಯಾಕ್‌ಡೊನಾಲ್ಡ್ ಮತ್ತು ಲಿಯೊಪೋಲ್ಡ್ ಎಂಬ ವೈದ್ಯರು 1972ರಲ್ಲಿಯೇ ತೋರಿಸಿದರು. ಬೆರಳ ಸಂದುಗಳಲ್ಲಿ ಸಂಧಿವಾತದ ಉರಿಯೂತವು ಕ್ಷಕಿರಣದ ಚಿತ್ರದಲ್ಲಿ ಮೂಳೆ ಸವೆದು ಕಾಣುವುದಕ್ಕೆ ಬಹು ಮುಂಚೆಯೇ ಇದರಲ್ಲಿ ಕಾಣುತ್ತದೆ. ಗೌಟ್ ರೋಗವನ್ನು ಗುರುತಿಸುವ 2015ರ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಸೋನೋಗ್ರಫಿಯ ಒಂದು ಲಕ್ಷಣಕ್ಕೂ ಸ್ಥಾನ ದೊರೆತಿದೆ. ಸೂಜಿಯ ಮೊನೆಯನ್ನು ಕಣ್ಣಾರೆ ಕಾಣುತ್ತ ಔಷಧವನ್ನು ಸೇರಬೇಕಾದ ಜಾಗಕ್ಕೇ ಸೇರಿಸಬಹುದು. ಮೂಳೆಯ ಒಳಗನ್ನಾಗಲಿ ಮೊಣಕಾಲ ಒಳಗಿನ ಆಳದ ರಜ್ಜುಗಳನ್ನಾಗಲಿ ಇದು ಸರಿಯಾಗಿ ಕಾಣಿಸದೆಂಬುದನ್ನೂ ಹೇಳಿಬಿಡಬೇಕು. ಎಲ್ಲಿ ಕಾಣುವುದಿಲ್ಲವೆಂಬುದನ್ನು ಬಲ್ಲವನೇ ಇದನ್ನು ಕಲಿತವನು.

ಕೈಗೆ ಶಿಕ್ಷಣ ಹೇಗೆ ಕೊಡಬೇಕೆಂಬುದಕ್ಕೆ ನಿದರ್ಶನವನ್ನು ಹುಡುಕುತ್ತ ಹೋದರೆ ನಾವು ಆಸ್ಟ್ರಿಯಾದ ಸ್ಟೋಲ್ಸಾಲ್ಪೆ ಎಂಬ ಬೆಟ್ಟದೂರಿನ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಅಲ್ಲಿಯ ಮೂಳೆ ತಜ್ಞರಾದ ರೈನ್‌ಹಾರ್ಡ್ ಗ್ರಾಫ್ ಎಂಬುವರು, ಹುಟ್ಟಿದ ಮಕ್ಕಳ ಸೊಂಟದ ಕೀಲು ಬಟ್ಟಲಿನಲ್ಲಿ ಸರಿಯಾಗಿ ಕುಳಿತಿದೆಯೇ ಇಲ್ಲವೇ ಎಂಬುದನ್ನು ಸೋನೋಗ್ರಫಿಯಿಂದ ಅಳೆಯಬಹುದೆಂದು 1980ರಲ್ಲಿ ಪ್ರಕಟಿಸಿದರು. ಎಳೆಯ ಶಿಶುವಿನ ಆ ಭಾಗವು ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಕ್ಷಕಿರಣಕ್ಕೆ ಅದು ಕಾಣಿಸದು, ಧ್ವನಿಗೆ ಕಾಣಿಸುವುದು. ಆದರೆ ಅವರ ವಿಧಾನವು ಬೇರೆಯವರ ಕೈಗೆ ಹೋದೊಡನೆ ತಪ್ಪುಗಳು ತಲೆದೋರಿದುವು. ವಿಚಾರಿಸಿ ನೋಡಲಾಗಿ, ನಾನು ಮಾಸ್ತರರ ಭುಜದ ಮೇಲೆ ಮಾಡಿದ ತಪ್ಪೇ ಅಲ್ಲಿಯೂ ಮುಖ್ಯವಾಗಿತ್ತು. ಪ್ರೋಬು ಓರೆಯಾದರೆ ಕೆಟ್ಟ ಕೀಲು ಒಳ್ಳೆಯದಾಗಿಯೂ ಒಳ್ಳೆಯದು ಕೆಟ್ಟದ್ದಾಗಿಯೂ ಕಾಣುತ್ತಿತ್ತು. ಗ್ರಾಫ್ ಅವರು ಆಗ ಮಾಡಿದುದನ್ನು ನಮ್ಮ ವಿಶ್ವವಿದ್ಯಾನಿಲಯಗಳು ಮನಸ್ಸಿಟ್ಟು ಗಮನಿಸಬೇಕು. ಮಗುವು ಹೊರಳದಂತೆ ಮಲಗಿಸುವ ತೊಟ್ಟಿಲೊಂದನ್ನೂ, ಪ್ರೋಬು ಓರೆಯಾಗದಂತೆ ಹಿಡಿಯುವ ಚೌಕಟ್ಟನ್ನೂ ಅವರು ಮಾಡಿಸಿದರು; ಚಿತ್ರದಲ್ಲಿ ಇಂತಿಂಥ ಗುರುತುಗಳೆಲ್ಲ ಕಂಡ ಹೊರತು ಅಳತೆಯನ್ನೇ ಮಾಡಕೂಡದೆಂದು ಪಟ್ಟಿ ಬರೆದರು; ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಕ್ಷಣಕ್ರಮವನ್ನು ಏರ್ಪಡಿಸಿದರು. 1992ರಿಂದ ಆಸ್ಟ್ರಿಯಾದಲ್ಲಿ ಹುಟ್ಟುವ ಮಕ್ಕಳಿಗೆಲ್ಲ ಈ ಪರೀಕ್ಷೆ ನಡೆಯುತ್ತಿದೆ. ಒಂದು ದೇಶದ ಸಮಸ್ತ ಶಿಶುಗಳನ್ನು ಒಂದು ಯಂತ್ರಕ್ಕೆ ಒಪ್ಪಿಸಲು ಸಾಧ್ಯವಾದುದು ಯಂತ್ರವನ್ನು ಹಿಡಿಯುವ ಕೈಗಳನ್ನು ಮೊದಲು ಹದಕ್ಕೆ ತಂದುದರಿಂದ.

ಇನ್ನು ನಮ್ಮ ದೇಶದ ಕಾಯಿದೆಯ ವಿಷಯ. ಇದನ್ನು ಕುರಿತು ಮಾತನಾಡುವಾಗ ವೈದ್ಯರ ಧ್ವನಿ ಏರುವುದನ್ನು ನಾನು ಬಲ್ಲೆ. 2016ರ ಸೆಪ್ಟೆಂಬರಿನಲ್ಲಿ ದೇಶದ ರೇಡಿಯಾಲಜಿಸ್ಟರು ಮುಷ್ಕರಕ್ಕೆ ಇಳಿದುದೂ, ದಾಖಲೆಗಳ ತಪ್ಪಿಗೂ ಶಿಕ್ಷೆಯನ್ನು ವಿಧಿಸುವ ವಿಧಿಗಳನ್ನು 2019ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದುದೂ ಎಲ್ಲರ ನೆನಪಿನಲ್ಲಿದೆ. ಆದರೆ ಈ ಕಾಯಿದೆಯು ಹುಟ್ಟಿದ ಕಾರಣವನ್ನು ಮಹಾರಾಷ್ಟ್ರದಲ್ಲಿರುವ ನಾವು ಮರೆಯುವಂತಿಲ್ಲ. ದೇಶದಲ್ಲಿಯೇ ಮೊದಲನೆಯದಾಗಿ ಇಂಥ ಕಾಯಿದೆಯನ್ನು 1988ರಲ್ಲಿ ಮಾಡಿದುದು ಈ ರಾಜ್ಯ; 1994ರಲ್ಲಿ ಸಂಸತ್ತು ಮಾಡಿದ ಕಾಯಿದೆಯು ಕಾಗದದ ಮೇಲೆಯೇ ಉಳಿದಿದೆಯೆಂದು 2000ದಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದವರಲ್ಲಿ ಪುಣೆಯ ಮಾಸೂಮ್ ಎಂಬ ಮಹಿಳಾ ಸಂಸ್ಥೆಯೂ ಒಂದು. ಇಷ್ಟಾದರೂ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇಲ್ಲಿ 2001ರ ಜನಗಣತಿಯಲ್ಲಿ 913 ಇದ್ದ ಹೆಣ್ಣುಮಕ್ಕಳು 2011ಕ್ಕೆ 894 ಆದರು; ಬೀಡ್ ಜಿಲ್ಲೆಯಲ್ಲಿ 807. ಈ ಅಂಕೆಗಳ ಹಿಂದೆ ವೈದ್ಯರ ಕೈಗಳಿದ್ದುವು, ನನ್ನ ವೃತ್ತಿಯವರ ಕೈಗಳು. ಆದಕಾರಣ ಕೀಲುಗಳ ಹೆಸರನ್ನು ಮುಂದಿಟ್ಟುಕೊಂಡು ಕಾಯಿದೆಯನ್ನು ಸಡಿಲಿಸಿರೆಂದು ಕೇಳಲು ನನಗೆ ಬಾಯಿ ಬರುವುದಿಲ್ಲ.

ಕಾಯಿದೆಯ ದೃಷ್ಟಿಗೆ ಯಂತ್ರವೆಂದರೆ ಯಂತ್ರವೇ. ಭುಜಕ್ಕೆ ಇಡುವುದಕ್ಕೆಂದು ಕೊಂಡದ್ದಾದರೂ ಅದು ನೋಂದಣಿಯಾಗಬೇಕು, ಅದನ್ನು ಇಡುವ ಕೋಣೆಯೂ ಅದನ್ನು ಹಿಡಿಯುವವರೂ ದಾಖಲೆಯಲ್ಲಿರಬೇಕು. ಎತ್ತಿಕೊಂಡು ಹೋಗಬಹುದಾದ ಯಂತ್ರವನ್ನು ನೋಂದಾಯಿತವಾದ ಆಸ್ಪತ್ರೆಯ ಒಳರೋಗಿಗಳಿಗೋ ಸಂಚಾರಿ ಚಿಕಿತ್ಸಾಲಯದ ಅಂಗವಾಗಿಯೋ ಹೊರತು ಬಳಸಕೂಡದು. ಜ್ಞಾನೇಶ್ವರರ ಪಾಲಕಿಯು ಆಳಂದಿಯಿಂದಲೂ ತುಕಾರಾಮರ ಪಾಲಕಿಯು ದೇಹುವಿನಿಂದಲೂ ಹೊರಟು ಪುಣೆಯಲ್ಲಿ ತಂಗಿ ಪಂಢರಪುರದ ಹಾದಿಯನ್ನು ಹಿಡಿಯುವಾಗ, ಹಾದಿಯುದ್ದಕ್ಕೂ ಡೇರೆ ಹಾಕಿಕೊಂಡು ವಾರಕರಿಗಳ ಊದಿದ ಮೊಣಕಾಲುಗಳಿಗೆ ಪಟ್ಟಿ ಕಟ್ಟುವ ವೈದ್ಯನಿಗೆ ಆ ಪುಟ್ಟ ಯಂತ್ರವೊಂದು ಚೀಲದಲ್ಲಿದ್ದರೆ ಎಂಬ ಆಸೆ ಬಾರದಿರದು. ಬಾಲೆವಾಡಿಯ ಕ್ರೀಡಾಂಗಣದ ಅಂಚಿನಲ್ಲಿ ನಿಲ್ಲುವ ವೈದ್ಯನಿಗೂ ಅಷ್ಟೆ. ಪರದೇಶದ ವೈದ್ಯರು ಅದನ್ನು ಮೈದಾನದ ಅಂಚಿಗೇ ತಂದಿಟ್ಟುಕೊಳ್ಳುತ್ತಾರೆ, ನಾವು ತರುವಂತಿಲ್ಲ. ಅದನ್ನು ನಾನು ಒಪ್ಪಿಕೊಳ್ಳುತ್ತೇನೆ.

ಆದರೆ ಒಪ್ಪಲಾಗದ ಸಂಗತಿಯೊಂದಿದೆ. ರೇಡಿಯಾಲಜಿಯಲ್ಲಿಯೋ ಇಮೇಜಿಂಗಿನಲ್ಲಿಯೋ ಸ್ನಾತಕೋತ್ತರ ಪದವಿಯಾಗಲಿ ಡಿಪ್ಲೊಮವಾಗಲಿ ಇಲ್ಲದ ವೈದ್ಯನು ಸೋನೋಗ್ರಫಿ ಮಾಡಬೇಕಾದರೆ 2014ರ ನಿಯಮಗಳಂತೆ ಆರು ತಿಂಗಳ, 300 ಗಂಟೆಗಳ ಶಿಕ್ಷಣವನ್ನು ಪಡೆಯಬೇಕು. ಈ ನಿಯಮದ ಮೇಲೆ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದು, 2016ರಲ್ಲಿ ತೀರ್ಪಾಗಿ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ವ್ಯಾಜ್ಯದ ಮಾತು ಹಾಗಿರಲಿ. ಆ ಶಿಕ್ಷಣದ ಪಠ್ಯಕ್ಕೆ ಇಟ್ಟಿರುವ ಹೆಸರೇ ಉದರ ಮತ್ತು ಶ್ರೋಣಿಯ ಸೋನೋಗ್ರಫಿ ಎಂದು. ಯಕೃತ್ತನ್ನೂ ಮೂತ್ರಪಿಂಡವನ್ನೂ ಗರ್ಭವನ್ನೂ ನೋಡಲು ನನಗೆ ಅಲ್ಲಿ ಕಲಿಸಿದರು, ಶ್ರದ್ಧೆಯಿಂದಲೇ ಕಲಿಸಿದರು. ಅದರ ಪತ್ರವನ್ನು ಹಿಡಿದುಕೊಂಡೇ ನಾನು ಮಾಸ್ತರರ ಆರೋಗ್ಯವಂತ ರಜ್ಜುವನ್ನು ಹರಿದಿದೆಯೆಂದದ್ದು. ಯಾವ ಅಂಗವನ್ನು ನೋಡಬೇಡವೆಂದು ಕಾಯಿದೆಯು ನನ್ನ ಮೇಲೆ ಕಣ್ಣಿಟ್ಟಿದೆಯೋ ಅದನ್ನೇ ನೋಡಲು ಆರು ತಿಂಗಳು ಕಲಿಯಬೇಕು, ಯಾವ ಕೀಲನ್ನು ನೋಡಲು ನಾನು ಬಂದೆನೋ ಅದನ್ನು ಕಲಿಯಬೇಕಾದುದಿಲ್ಲ ಎಂಬ ಈ ವ್ಯವಸ್ಥೆಯಿಂದ ಭುಜದ ರೋಗಿಗೂ ರಕ್ಷಣೆಯಿಲ್ಲ, ಹೆಣ್ಣುಶಿಶುವಿಗೂ ಹೆಚ್ಚಿನ ರಕ್ಷಣೆಯಿಲ್ಲ. ಕೀಲುಗಳಿಗೆಂದೇ ಪ್ರತ್ಯೇಕವಾದ ಪಠ್ಯವನ್ನು ಸರಕಾರವು ರಚಿಸಲಿ. ಅದನ್ನು ಮುಗಿಸಿದವನಿಗೆ ಕೀಲುಗಳಿಗೆ ಮಾತ್ರ ಅನುಮತಿ ಕೊಡಲಿ. ಯಂತ್ರದ ನೋಂದಣಿ, ಫಲಕ, ತಪಾಸಣೆ ಎಲ್ಲವೂ ಈಗಿರುವಂತೆಯೇ ಇರಲಿ. ಕಾಯಿದೆಯ ಬಿಗಿ ಇದರಿಂದ ಹೆಚ್ಚುವುದೇ ಹೊರತು ಕಡಮೆಯಾಗದು.

ಹೀಗಿರಲಾಗಿ ನಮ್ಮ ತರುಣ ವೈದ್ಯರು ಹೊರದೇಶದ ಪತ್ರಗಳ ಕಡೆಗೆ ನೋಡುತ್ತಿದ್ದಾರೆ. ಅಮೆರಿಕದಲ್ಲಿ 2012ರಿಂದ ಆರ್.ಎಂ.ಎಸ್.ಕೆ. ಎಂಬ ಪರೀಕ್ಷೆಯಿದೆ, ಅದಕ್ಕೆ ಕುಳಿತುಕೊಳ್ಳುವವರು ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ 150 ಕೀಲುಪರೀಕ್ಷೆಗಳನ್ನು ನಡೆಸಿರಬೇಕು, ಆ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಯೂರೋಪಿನ ಸಂಧಿವಾತ ತಜ್ಞರ ಒಕ್ಕೂಟವಾದ ಯೂಲಾರ್ ಮೂರು ಮಟ್ಟದ ಶಿಕ್ಷಣವನ್ನು ನಡೆಸುತ್ತದೆ. ಇವುಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಇವುಗಳಿಗೆಂದು ಓದಿದವರ ಜ್ಞಾನವು ಓದದವರದಕ್ಕಿಂತ ಖಂಡಿತವಾಗಿಯೂ ಮೇಲು. ಆದರೆ ಪರದೆಯ ಮೇಲೆ ಬಂದ ಸಿದ್ಧಚಿತ್ರವನ್ನು ಗುರುತಿಸುವುದು ಒಂದು, ಚಿತ್ರವನ್ನು ತಾನೇ ಮೂಡಿಸುವುದು ಮತ್ತೊಂದು. ಸಿದ್ಧಚಿತ್ರದಲ್ಲಿ ಪ್ರೋಬು ಓರೆಯಾಗಿರಲಿಲ್ಲವೆಂಬುದನ್ನು ಬೇರೊಬ್ಬರು ಆಗಲೇ ನೋಡಿಕೊಂಡಿರುತ್ತಾರೆ. ಇದಲ್ಲದೆ ಆ ಪತ್ರಗಳು ಇಲ್ಲಿಯ ಕಾಯಿದೆಯಲ್ಲಿ ಯಾವ ಹಕ್ಕನ್ನೂ ತಂದುಕೊಡುವುದಿಲ್ಲವೆಂಬುದನ್ನು, ಸಾಲಮಾಡಿ ಶುಲ್ಕ ಕಟ್ಟುವ ಮುನ್ನ, ಅವರು ತಿಳಿದುಕೊಂಡಿರಬೇಕು.

ಶನಿವಾರ ಭಾನುವಾರಗಳ ಕಾರ್ಯಾಗಾರಗಳ ವಿಷಯದಲ್ಲಿ ಮಾತ್ರ ನನಗೆ ದಾಕ್ಷಿಣ್ಯವಿಲ್ಲ. ಹೋಟೆಲಿನ ಸಭಾಂಗಣದಲ್ಲಿ ಒಂದು ಯಂತ್ರದ ಸುತ್ತ ಹತ್ತು ಹನ್ನೆರಡು ಜನ ನಿಂತು, ತಲಾ ಐದು ನಿಮಿಷ ಪ್ರೋಬನ್ನು ಹಿಡಿದು, ಎರಡನೆಯ ದಿನ ಸಾಯಂಕಾಲ ಬಣ್ಣದ ಪ್ರಮಾಣಪತ್ರದೊಡನೆ ಹಿಂದಿರುಗುವುದನ್ನು ನಾನು ಕಂಡಿದ್ದೇನೆ, ಒಂದೆರಡು ಸಲ ನಾನೂ ಹಾಗೆ ಹಿಂದಿರುಗಿದ್ದೇನೆ. ಅದು ಹಾಜರಿಯ ಚೀಟಿ. ಅದಕ್ಕೆ ಕಟ್ಟುಹಾಕಿಸಿ ರೋಗಿಯ ಕಣ್ಣಿಗೆ ಬೀಳುವಂತೆ ಗೋಡೆಗೆ ತೂಗುಹಾಕುವುದು ರೋಗಿಯ ನಂಬಿಕೆಗೆ ಮಾಡುವ ಅನ್ಯಾಯ.

ರೇಡಿಯಾಲಜಿಸ್ಟ್ ಮಿತ್ರರು ಎತ್ತುವ ಆಕ್ಷೇಪಗಳು ಎರಡು. ತಾವು ಮೂರು ವರ್ಷ ಕಲಿತುದನ್ನು ಇತರರು ಮೂರು ತಿಂಗಳಿನಲ್ಲಿ ಕಲಿಯಬಹುದೇ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಸುಲಭ: ಅವರಲ್ಲಿ ಕೀಲುಗಳಲ್ಲಿ ನುರಿತವರೇ ನಮಗೆ ಗುರುಗಳಾಗಲಿ, ಪರೀಕ್ಷಕರಾಗಲಿ, ನನ್ನ ಗುರುಗಳಾದವರೂ ರೇಡಿಯಾಲಜಿಸ್ಟರೇ. ಎರಡನೆಯದು ಕಠಿನವಾದುದು. ಯಂತ್ರವನ್ನು ಸ್ವಂತಕ್ಕೆ ಕೊಂಡ ವೈದ್ಯನು ಅದರ ಕಂತು ತೀರಿಸುವುದಕ್ಕಾಗಿ ಬಂದವರ ಕೀಲಿಗೆಲ್ಲ ಪ್ರೋಬು ಇಡಲಾರಂಭಿಸಿದರೆ ಏನು ಗತಿ ಎಂದು ಅವರು ಕೇಳುತ್ತಾರೆ. ರೋಗಿಯನ್ನು ಕಳುಹಿಸಿದ್ದಕ್ಕೆ ಪಾಲು ಪಡೆಯುವ ಕಟ್ ಪ್ರ್ಯಾಕ್ಟೀಸ್ ಎಂಬ ಮಾತು ಮನೆಮಾತಾಗಿರುವ ಈ ರಾಜ್ಯದಲ್ಲಿ ಈ ಭಯವನ್ನು ನಿರಾಧಾರವೆನ್ನುವ ಧೈರ್ಯ ನನಗಿಲ್ಲ. ಪ್ರಮಾಣಪತ್ರವು ಕೈಯನ್ನು ತಿದ್ದೀತು, ಲೋಭವನ್ನು ತಿದ್ದಲಾರದು. ನನಗೆ ತೋರುವ ಪರಿಹಾರವೆಂದರೆ, ಸಂದರ್ಶನದ ಶುಲ್ಕದೊಳಗೇ ಈ ಪರೀಕ್ಷೆಯನ್ನು ಸೇರಿಸಿಬಿಡುವುದು. ಸ್ಟೆಥಾಸ್ಕೋಪ್ ಇಟ್ಟದ್ದಕ್ಕೆ ಪ್ರತ್ಯೇಕವಾಗಿ ಹಣ ಕೇಳುವ ವೈದ್ಯನಿಲ್ಲವಷ್ಟೆ. ಸ್ವಂತ ಯಂತ್ರದಿಂದ ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ. ಯಂತ್ರದ ಬೆಲೆ ತೀರಲು ಬಹಳ ವರ್ಷ ಬೇಕಾದೀತು, ತೀರಲಿ.

ನಾನು ಕಲ್ಪಿಸಿಕೊಂಡಿರುವ ಪರೀಕ್ಷೆಗೆ ದೊಡ್ಡ ಸಲಕರಣೆಯೇನೂ ಬೇಕಾಗಿಲ್ಲ. ನಾಸಿಕದಲ್ಲಿ 1998ರಲ್ಲಿ ಸ್ಥಾಪಿತವಾದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಅದನ್ನು ನಡೆಸಬಹುದು. ಕೀಲುನೋವಿನ ಬಡರೋಗಿಗಳು ಬೆಳಗಿನಿಂದ ಸಾಲುಗಟ್ಟುವ ಸಸೂನ್ ಆಸ್ಪತ್ರೆಯಿದೆ, ಅದರ ಪಕ್ಕದಲ್ಲಿ ಬಿ.ಜೆ. ವೈದ್ಯಕೀಯ ಕಾಲೇಜಿದೆ, 1944ರಿಂದ ಕೈಕಾಲು ಕಳೆದುಕೊಂಡ ಸೈನಿಕರಿಗೆ ಕೃತಕಾಂಗಗಳನ್ನು ಮಾಡಿಕೊಡುತ್ತಿರುವ ಸೈನ್ಯದ ಕೇಂದ್ರವೂ, ಸೈನ್ಯದ ವೈದ್ಯಕೀಯ ಕಾಲೇಜೂ ಈ ಊರಿನಲ್ಲಿಯೇ ಇವೆ. ಅಭ್ಯರ್ಥಿಯು ಗುರುಗಳ ಸಮ್ಮುಖದಲ್ಲಿ ನೋಡಿದ ಕೀಲುಗಳ ದಿನಚರಿ ಪುಸ್ತಕವನ್ನು, ತಪ್ಪುಗಳ ಸಹಿತವಾಗಿ, ಮೇಜಿನ ಮೇಲಿಡಬೇಕು. ಒಪ್ಪಿಗೆಯಿತ್ತ ರೋಗಿಯೊಬ್ಬರನ್ನು ಕುರ್ಚಿಯ ಮೇಲೆ ಕೂರಿಸಿ, ಅಭ್ಯರ್ಥಿಯು ರಜ್ಜುವನ್ನು ಪರದೆಯ ಮೇಲೆ ತಂದು ನಿಲ್ಲಿಸಿದ ಮೇಲೆ, ಪರೀಕ್ಷಕರು ಅವನ ಮಣಿಕಟ್ಟನ್ನು ಹಿಡಿದು ಸ್ವಲ್ಪ ಓರೆಮಾಡಿ, ಈಗ ಏನು ಕಾಣುತ್ತದೆ, ಏಕೆ ಕಾಣುತ್ತದೆ ಎಂದು ಕೇಳಬೇಕು.

ಮಾಸ್ತರರು ಎರಡು ತಿಂಗಳು ಭುಜದ ವ್ಯಾಯಾಮಗಳನ್ನು ತಪ್ಪದೆ ಮಾಡಿ, ಊರಿಗೆ ಹೊರಡುವ ಮುನ್ನ ನನ್ನ ಚಿಕಿತ್ಸಾಲಯಕ್ಕೆ ಬಂದು, ಕಪಾಟಿನ ಮೇಲಿನ ಹಲಗೆಗೆ ಕೈಯೆತ್ತಿ ತೋರಿಸಿ ಹೋದರು. ನನ್ನ ದಿನಚರಿ ಪುಸ್ತಕದಲ್ಲಿ ಅವರದು 41ನೆಯ ಭುಜ. ಆ ಪುಟದಲ್ಲಿ “ರಜ್ಜು ಹರಿದಿದೆ” ಎಂದು ನಾನು ಬರೆದುದರ ಮೇಲೆ ಕೆಂಪು ಗೀಟು ಬಿದ್ದಿದೆ, ಅದರ ಕೆಳಗೆ ಗುರುಗಳ ಅಕ್ಷರದಲ್ಲಿ “ಪ್ರೋಬು ಓರೆ” ಎಂದು ಮರಾಠಿಯಲ್ಲಿ ಬರೆದಿದೆ. ಪರೀಕ್ಷೆ ಏರ್ಪಟ್ಟ ದಿನ ಮೊದಲು ತೆಗೆದು ತೋರಿಸಲೆಂದು ಆ ಪುಟಕ್ಕೆ ದಾರವಿಟ್ಟಿದ್ದೇನೆ.